ಅಂಕಿಗಳಿಗೂ ಅನುವಾದ ಬೇಕೆ?

ಪದಗಳಿಗೆ ಅನುವಾದ ಬೇಕು, ಅಂಕಿಗಳಾದರೋ ಎಲ್ಲ ಭಾಷೆಗಳಲ್ಲಿಯೂ ಒಂದೇ ಎಂಬುದು ಸಾಮಾನ್ಯವಾದ ನಂಬಿಕೆ. ಇಂಗ್ಲಿಷಿನ ತಾಂತ್ರಿಕ ಬರಹವೊಂದನ್ನು ಜರ್ಮನ್ ಭಾಷೆಗೆ ತರಲು ಹೊರಟವನಿಗೆ ಈ ನಂಬಿಕೆ ಅಪಾಯಕರ.

ಮೊದಲು ಚಿಹ್ನೆಗಳನ್ನು ನೋಡೋಣ. ಇಂಗ್ಲಿಷಿನಲ್ಲಿ ದಶಾಂಶಕ್ಕೆ ಚುಕ್ಕೆಯನ್ನೂ ಸಾವಿರದ ಸ್ಥಾನಕ್ಕೆ ಅಲ್ಪವಿರಾಮವನ್ನೂ ಇಡುವರು. ಜರ್ಮನಿಯಲ್ಲಿ ರೂಢಿ ಇದಕ್ಕೆ ವಿರುದ್ಧ. ಆದುದರಿಂದ 1,250 ಕಿಲೋಗ್ರಾಂ ಎಂದು ಬರೆದರೆ ಇಂಗ್ಲಿಷ್ ವಾಚಕನು ಸಾವಿರದ ಇನ್ನೂರೈವತ್ತು ಎಂದು ಓದುವನು. ಜರ್ಮನ್ ವಾಚಕನು ಒಂದೂಕಾಲು ಎಂದು ಓದುವನು. ಭಾರ ಎತ್ತುವ ಯಂತ್ರದ ಮೇಲೆ ಬರೆದ ಅಂಕಿಯಲ್ಲಿ ಇಂತಹ ಸಾವಿರಪಟ್ಟು ವ್ಯತ್ಯಾಸವಾದರೆ ಪರಿಣಾಮವೇನೆಂಬುದನ್ನು ಹೇಳಬೇಕಾಗಿಲ್ಲ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು 2003ರಲ್ಲಿ ಇದಕ್ಕೊಂದು ದಾರಿ ತೋರಿತು: ದಶಾಂಶಕ್ಕೆ ಚುಕ್ಕೆ, ಅಲ್ಪವಿರಾಮ ಎರಡೂ ಸಲ್ಲುತ್ತವೆ, ಮೂರು ಮೂರು ಅಂಕಿಗಳ ಗುಂಪುಗಳ ನಡುವೆ ಮಾತ್ರ ಯಾವ ಚಿಹ್ನೆಯೂ ಕೂಡದು, ಬೇಕಾದರೆ ತೆರಪು ಬಿಡಬಹುದು.

ಸಂಖ್ಯೆಗಳ ಹೆಸರುಗಳೂ ಮೋಸಮಾಡುತ್ತವೆ. ಇಂದಿನ ಇಂಗ್ಲಿಷಿನ ಬಿಲಿಯನ್ ಎಂದರೆ ನೂರು ಕೋಟಿ. ಜರ್ಮನರು ಅದನ್ನು ಮಿಲಿಯಾರ್ಡೆ ಎನ್ನುವರು. ಅವರ ಬಿಲಿಯೋನ್ ಲಕ್ಷ ಕೋಟಿ.

ಇನ್ನು ಮಾನಗಳು. ಇಂಗ್ಲಿಷರ 'ಹಾರ್ಸ್‌ಪವರ್', ಜರ್ಮನರ 'ಫೆರ್ಡೆಷ್ಟೆರ್ಕೆ' ಎರಡಕ್ಕೂ ಕುದುರೆಯ ಬಲವೆಂದೇ ಅರ್ಥ. ಆದರೆ ಮೊದಲನೆಯದು ಸುಮಾರು 745.7 ವಾಟ್, ಎರಡನೆಯದು 735.5 ವಾಟ್. ಪದದ ಅನುವಾದ ಸರಿಯಾದರೂ ಅಳತೆಯ ಅನುವಾದ ತಪ್ಪುವುದು ಹೀಗೆ.

ಉಷ್ಣತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರಿನ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್ ಎಂದಿದ್ದರೆ 32ನ್ನು ಕಳೆದು 5/9ರಿಂದ ಗುಣಿಸಬೇಕು. ಉತ್ತರ 10 ಡಿಗ್ರಿ ಸೆಲ್ಸಿಯಸ್. ಆದರೆ ನೀರಿನ ಉಷ್ಣತೆ 50 ಡಿಗ್ರಿಯಷ್ಟು ಏರಿತು ಎಂದಿದ್ದರೆ 32ನ್ನು ಕಳೆಯಬಾರದು. ಏರಿಕೆಗೆ ಸೊನ್ನೆಯ ಸ್ಥಾನದ ಹಂಗಿಲ್ಲ. ಆಗ ಉತ್ತರ ಸುಮಾರು 27.8 ಡಿಗ್ರಿ.

ಕೊನೆಯದಾಗಿ ನಿಖರತೆ. 'ಸುಮಾರು 10 ಮೈಲಿ' ಎಂಬುದನ್ನು 'ಸುಮಾರು 16.09 ಕಿಲೋಮೀಟರು' ಎಂದು ಬರೆದರೆ, ಮೂಲದವನು ಅಳೆಯದೇ ಇದ್ದುದನ್ನು ಅನುವಾದಕನು ಅಳೆದಂತಾಗುತ್ತದೆ. 16 ಎಂದರೆ ಸಾಕು. ಆದರೆ 0.500 ಅಂಗುಲದ ಉಕ್ಕಿನ ದಂಡವನ್ನು 13 ಮಿಲಿಮೀಟರು ಎಂದರೆ ಅದು ತನ್ನ ರಂಧ್ರದಲ್ಲಿ ಕೂರದು. 1959ರ ಒಪ್ಪಂದದಂತೆ ಅಂಗುಲವು ಸರಿಯಾಗಿ 25.4 ಮಿಲಿಮೀಟರು, ಆದುದರಿಂದ ಜರ್ಮನ್ ಓದುಗನಿಗೆ 12,70 ಎಂದೇ ಬರೆಯಬೇಕು. ಇಲ್ಲಿ ಕೊನೆಯ ಸೊನ್ನೆಯೂ ವ್ಯರ್ಥವಲ್ಲ. ಎಷ್ಟು ಎಚ್ಚರದಿಂದ ಅಳೆಯಲಾಗಿದೆ ಎಂಬುದನ್ನು ಅದು ಹೇಳುತ್ತದೆ.

ಅಳತೆಯೆಂದರೆ ಬರಿಯ ಅಂಕಿಯಲ್ಲ. ಅಂಕಿ, ಮಾನ, ನಿಖರತೆ ಈ ಮೂರೂ ಸೇರಿದ ಒಂದು ವಾಕ್ಯ ಅದು. ಆ ವಾಕ್ಯದ ಅರ್ಥವನ್ನು ಹೆಚ್ಚಿಸದೆ, ಕುಗ್ಗಿಸದೆ ಸಾಗಿಸುವುದೇ ಅನುವಾದಕನ ಕರ್ತವ್ಯ.