ಹನ್ನೊಂದು ತಿಂಗಳ ಮನೆಗೆ ಹನ್ನೆರಡು ತಿಂಗಳ ಇಂಟರ್‌ನೆಟ್

ಬಾಡಿಗೆ ಕರಾರು ಬೆಂಗಳೂರಿನಲ್ಲಾದರೂ ಕೊಚ್ಚಿಯಲ್ಲಾದರೂ ಹನ್ನೊಂದು ತಿಂಗಳದ್ದು. ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುತ್ತದೆ, ಖರ್ಚು ಏರುತ್ತದೆ. ಹಾಗಾಗಿ ಮನೆ ಮಾಲೀಕರೂ ನಾವೂ ಹನ್ನೊಂದಕ್ಕೆ ಸಹಿ ಹಾಕಿ ಬೀಗದ ಕೈ ಬದಲಾಯಿಸಿಕೊಳ್ಳುತ್ತೇವೆ. ಅದೇ ಮನೆಗೆ ಇಂಟರ್‌ನೆಟ್ ಹಾಕಿಸಲು ಹೊರಟರೆ ಮೊದಲು ಮುಂದಿಡುವುದು ಹನ್ನೆರಡು ತಿಂಗಳ ಪ್ಲ್ಯಾನ್. "ವರ್ಷದ್ದು ಒಟ್ಟಿಗೆ ಕಟ್ಟಿ, ಒಂದು ತಿಂಗಳು ಉಚಿತ, ಇನ್‌ಸ್ಟಾಲೇಶನ್ ಉಚಿತ." ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿಗೆ ಬಂದಾಗ ನಾವು ಕಟ್ಟಿದ್ದು ಇದನ್ನೇ. ಏಳು ತಿಂಗಳು ತುಂಬುವಾಗ ತಿರುವನಂತಪುರಕ್ಕೆ ವರ್ಗಾವಣೆ ಬಂತು. ಹೊಸ ಮನೆಯ ಬೀದಿಯಲ್ಲಿ ಆ ಕಂಪನಿಯ ಲೈನ್ ಇರಲಿಲ್ಲ. ಉಳಿದ ತಿಂಗಳುಗಳ ಹಣ ಹಿಂದಿರುಗಿಸುವುದಿಲ್ಲ ಎಂಬುದು ನಿಯಮಗಳ ಪುಟದಲ್ಲೇ ಇತ್ತು.

ಕಾಸರಗೋಡಿನಿಂದ ಸರ್ಕಾರಿ ನೌಕರಿಗೆ ಸೇರಿದವರಿಗೆ ಇದು ದೂರದ ಕಥೆಯಲ್ಲ. 1956ರಿಂದ ನಮ್ಮ ಕಾಸರಗೋಡು ಕೇರಳದ ಒಂದು ತುದಿ, ಸೆಕ್ರೆಟರಿಯೇಟ್ ಇನ್ನೊಂದು ತುದಿ. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಹೋಗಿ ಸೇರಬೇಕಾದ ಊರಿಗೆ ಯಾವಾಗ ಆದೇಶ ಬರುತ್ತದೋ ಹೇಳಲಾಗದು. ಎಡಪ್ಪಳ್ಳಿ, ಶ್ರೀಕಾರ್ಯಂ, ಕಳಕ್ಕೂಟ್ಟಂ ಎಂದು ಮನೆ ಬದಲಿಸುತ್ತಿರುವ ಕನ್ನಡದ ಕುಟುಂಬಗಳು ನನಗೆ ಗೊತ್ತಿರುವವೇ ಸಾಕಷ್ಟಿವೆ. ಟೆಕ್ನೋಪಾರ್ಕ್, ಇನ್ಫೋಪಾರ್ಕಿನ ಐಟಿ ಹುಡುಗರ ಪಾಡೂ ಇದೇ. ಹಾಗಾಗಿ ಲೆಕ್ಕವನ್ನು ಕೊನೆಯವರೆಗೂ ಮಾಡಿಯೇ ಬಿಡೋಣ.

ತಿಂಗಳಿಗೆ 699 ರೂಪಾಯಿಯ ಪ್ಲ್ಯಾನ್ ಎಂದುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿ 825 ರೂಪಾಯಿ ಸುಮಾರು. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಹನ್ನೆರಡು ತಿಂಗಳ 8,388, ತೆರಿಗೆ ಸೇರಿ 9,898. ಬಳಸಲು ಸಿಗುವುದು ಹದಿಮೂರು ತಿಂಗಳು. ತಿಂಗಳು ತಿಂಗಳು ಕಟ್ಟುವವರಿಗೆ ಇನ್‌ಸ್ಟಾಲೇಶನ್ ಒಂದು ಸಾವಿರ, ತೆರಿಗೆ ಸೇರಿ 1,180 ಮೊದಲೇ ಕೊಡಬೇಕು. ಈಗ ಎರಡನ್ನೂ ಪಕ್ಕಪಕ್ಕ ಇಡಿ.

ಹದಿಮೂರು ತಿಂಗಳೂ ಅದೇ ಮನೆಯಲ್ಲಿದ್ದರೆ ತಿಂಗಳ ಲೆಕ್ಕದವರ ಖರ್ಚು 11,903. ವರ್ಷದವರಿಗೆ 2,005 ರೂಪಾಯಿ ಉಳಿಯಿತು, ಒಪ್ಪೋಣ. ಕರಾರು ಮುಗಿದ ದಿನವೇ, ಅಂದರೆ ಹನ್ನೊಂದು ತಿಂಗಳಿಗೆ ಮನೆ ಬಿಟ್ಟರೆ ತಿಂಗಳ ಲೆಕ್ಕ 10,253. ಉಳಿತಾಯ 355ಕ್ಕೆ ಇಳಿಯಿತು. ಹತ್ತು ತಿಂಗಳಿಗೆ ಬಿಟ್ಟರೆ ತಿಂಗಳ ಲೆಕ್ಕ 9,428. ವರ್ಷದವರು 470 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ನಮ್ಮಂತೆ ಏಳಕ್ಕೇ ಬಿಟ್ಟರೆ ತಿಂಗಳ ಲೆಕ್ಕ 6,954. ಕಳೆದುಕೊಂಡದ್ದು 2,944.

ಗಮನಿಸಬೇಕಾದ್ದು ಇಷ್ಟು: ಉಚಿತ ಎಂದು ಹೇಳಿದ ತಿಂಗಳು ಬರುವುದು ಹದಿಮೂರನೆಯದಾಗಿ. ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿ ಆ ತಿಂಗಳು ಕ್ಯಾಲೆಂಡರಿನಲ್ಲೇ ಇಲ್ಲ. ಕರಾರು ನವೀಕರಣವಾಗುತ್ತದೆ ಎಂಬ ಭರವಸೆ ಇದ್ದವರಿಗೆ, ಸ್ವಂತ ಮನೆಯವರಿಗೆ ವರ್ಷದ ಪ್ಲ್ಯಾನ್ ಲಾಭದ್ದೇ. ಅವರು ಧಾರಾಳವಾಗಿ ಕಟ್ಟಲಿ. ವರ್ಗಾವಣೆಯ ಹುದ್ದೆಯಲ್ಲಿರುವವರು, ಮಕ್ಕಳ ಶಾಲೆ ಬದಲಾಗುವವರು, ಮಾಲೀಕರ ಮಗ ಗಲ್ಫ್‌ನಿಂದ ಮರಳುತ್ತಾನೆಂದು ಯಾವಾಗ ಮನೆ ಖಾಲಿ ಮಾಡಬೇಕಾಗುತ್ತದೋ ತಿಳಿಯದವರು 355 ರೂಪಾಯಿ ಉಳಿಸಲು ಹೋಗಿ ಮೂರು ಸಾವಿರ ಪಣಕ್ಕಿಡುವುದರಲ್ಲಿ ಅರ್ಥವಿಲ್ಲ. ಆರು ತಿಂಗಳ ಪ್ಲ್ಯಾನ್ ಇದ್ದರೆ ಅದು ನಡುವಿನ ದಾರಿ.

"ಲೈನ್ ಶಿಫ್ಟ್ ಮಾಡಿಕೊಡುತ್ತೇವೆ" ಎಂಬ ಮಾತನ್ನು ಕಂಪನಿಗಳು ಹೇಳುವುದುಂಟು, ಮಾಡಿಕೊಡುವುದೂ ಉಂಟು. ಆದರೆ ಹೊಸ ವಿಳಾಸದಲ್ಲಿ ಅವರ ಲೈನ್ ಇದ್ದರೆ ಮಾತ್ರ. ಮೊಬೈಲ್ ನಂಬರಿಗೆ ಇರುವ ಸೌಲಭ್ಯ ಫೈಬರಿಗೆ ಇಲ್ಲ. ನಂಬರ್ ಪೋರ್ಟಬಿಲಿಟಿ 2011ರ ಜನವರಿ 20ರಂದು ದೇಶಾದ್ಯಂತ ಬಂತು, 2015ರ ಜುಲೈ 3ರಿಂದ ಒಂದು ರಾಜ್ಯದಿಂದ ಇನ್ನೊಂದಕ್ಕೂ ನಂಬರ್ ಒಯ್ಯುವಂತಾಯಿತು. ಮಂಗಳೂರಿನಲ್ಲಿ ತೆಗೆದುಕೊಂಡ ಸಿಮ್ಮಿನ ನಂಬರನ್ನು ಕೇರಳದ ಕಂಪನಿಗೆ ಪೋರ್ಟ್ ಮಾಡಿಸಿಕೊಂಡು ಇಲ್ಲೇ ಬಳಸಬಹುದು. ಸ್ಥಿರ ದೂರವಾಣಿಗೆ ಅದೂ ಇಲ್ಲ. ಕೊಚ್ಚಿಯ 0484ರ ನಂಬರ್ ತಿರುವನಂತಪುರದ 0471ಕ್ಕೆ ಬರುವುದಿಲ್ಲ. ಆದ್ದರಿಂದ ಬ್ಯಾಂಕು, ಶಾಲೆ ಎಲ್ಲೂ ಲ್ಯಾಂಡ್‌ಲೈನ್ ನಂಬರನ್ನು ಕೊಟ್ಟುಬಿಡಬೇಡಿ.

ಹೊಸ ಮನೆಗೆ ಇಂಟರ್‌ನೆಟ್ ಯಾವುದು ಎಂಬ ಪ್ರಶ್ನೆಗೆ ಉತ್ತರ ವೆಬ್‌ಸೈಟಿನಲ್ಲಿ ಸಿಗುವುದಿಲ್ಲ. ಪಿನ್ ಕೋಡ್ ಹಾಕಿದರೆ ಎಲ್ಲರೂ "ಲಭ್ಯ" ಎನ್ನುತ್ತಾರೆ. ಒಂದು ಪಿನ್ ಕೋಡಿನಲ್ಲಿ ನೂರಾರು ಬೀದಿಗಳಿರುತ್ತವೆ. ನಾನು ಶ್ರೀಕಾರ್ಯಂನ ಮನೆ ನೋಡಲು ಹೋದಾಗ ಗೇಟಿನೆದುರಿನ ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಕಂಬವನ್ನು ನೋಡಿದೆ. ವಿದ್ಯುತ್ ತಂತಿಗಿಂತ ಕೆಳಗೆ ಕಪ್ಪು ಕೇಬಲ್‌ಗಳ ಸುರುಳಿಗಳು, ಅದರ ಪಕ್ಕ ಸಣ್ಣ ಪೆಟ್ಟಿಗೆ, ಪೆಟ್ಟಿಗೆಯಿಂದ ಅಕ್ಕಪಕ್ಕದ ಮನೆಗಳ ಸೂರಿಗೆ ಎಳೆದ ತೆಳ್ಳನೆಯ ತಂತಿಗಳು. ಯಾವ ತಂತಿ ಯಾರದ್ದೆಂದು ಎದುರು ಮನೆಯ ಅಮ್ಮ ಬೆರಳು ತೋರಿಸಿ ಹೇಳಿದರು. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದಾಗ ಯಾವುದು ಎಷ್ಟು ದಿನ ಬಿದ್ದೇ ಇರುತ್ತದೆ ಎಂಬುದನ್ನೂ ಹೇಳಿದರು. ಕೇರಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಟರ್‌ನೆಟ್ಟಿನ ಗುಣಮಟ್ಟವೆಂದರೆ ಇದೇ. ರೂಟರಿನ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗಿತೆಂದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ ಎಂದರ್ಥ. ಆಗ ಕಾಲ್ ಸೆಂಟರಿನವರು ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ಹೇಳಿ ಫಲವಿಲ್ಲ. ಸ್ಪ್ಲೈಸಿಂಗ್ ಯಂತ್ರ ಹಿಡಿದುಕೊಂಡು ಯಾರಾದರೂ ಕಂಬ ಹತ್ತಬೇಕು.

ಈ ಕಾರಣಕ್ಕೆ ಊರಿನ ಕೇಬಲ್‌ನವರ ಬಗ್ಗೆ ನನಗೆ ಗೌರವ. ಕೇರಳ ವಿಷನ್ ಎಂಬುದು ಊರೂರಿನ ಸಣ್ಣ ಕೇಬಲ್ ಆಪರೇಟರ್‌ಗಳು ಒಟ್ಟುಗೂಡಿ ಕಟ್ಟಿಕೊಂಡ ಸಂಸ್ಥೆ; ಟಿವಿಯಿಂದ ಶುರುವಾಗಿ ಬ್ರಾಡ್‌ಬ್ಯಾಂಡಿಗೂ ಬಂತು. ಏಷ್ಯಾನೆಟ್ ಕೇಬಲ್ ಮತ್ತು ಬ್ರಾಡ್‌ಬ್ಯಾಂಡ್ ಕೊಚ್ಚಿ, ತಿರುವನಂತಪುರ ಎರಡೂ ನಗರಗಳಲ್ಲಿ ಹಳೆಯ ಹೆಸರು. ಬಿಎಸ್‌ಎನ್‌ಎಲ್ ಫೈಬರಿನ ಕೊನೆಯ ತಂತಿಯನ್ನು ಮನೆಗೆ ತರುವವರು ಎಷ್ಟೋ ಕಡೆ ಸ್ಥಳೀಯ ಪಾಲುದಾರರೇ. ಕೇರಳ ಸರ್ಕಾರದ ಫೈಬರ್ ಜಾಲ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಕೆಎಸ್‌ಇಬಿಯೂ ಅದರಲ್ಲಿ ಪಾಲುದಾರ. ಆರಂಭದ ದರಪಟ್ಟಿಯಲ್ಲಿ 20 ಎಂಬಿಪಿಎಸ್‌ಗೆ ತಿಂಗಳಿಗೆ 299 ರೂಪಾಯಿ, ಕಟ್ಟುವುದು ಆರು ತಿಂಗಳಿಗೊಮ್ಮೆ. ಬಡ ಕುಟುಂಬಗಳಿಗೆ ಉಚಿತವಾಗಿ ಕೊಡುವುದು ಅದರ ಘೋಷಿತ ಉದ್ದೇಶ, ಇದು ಒಳ್ಳೆಯ ಕೆಲಸ. ನಿಮ್ಮ ಕಂಬಕ್ಕೆ ಬಂದಿದ್ದರೆ ವಿಚಾರಿಸಿ. ಜಿಯೋ, ಏರ್‌ಟೆಲ್ ಫೈಬರ್ ಬಂದ ಬೀದಿಗಳಲ್ಲಿ ಅವೂ ಇವೆ. ಫೈಬರ್ ಬರದ ಕಡೆ 2023ರಿಂದ ಏರ್‌ಫೈಬರ್ ಇದೆ. ಅದರಲ್ಲಿ ಎಳೆಯುವ ತಂತಿ ಇಲ್ಲದ್ದರಿಂದ ಮನೆ ಬದಲಿಸುವವರಿಗೆ ಅನುಕೂಲ ಎನಿಸುತ್ತದೆ, ಆದರೆ ಟವರಿನ ಸಿಗ್ನಲ್ ಆ ಮನೆಯ ಟೆರೇಸಿನಲ್ಲಿ ಹೇಗಿದೆ ಎಂದು ಮೊಬೈಲ್ ಹಿಡಿದು ನೋಡದೆ ಹಣ ಕೊಡಬಾರದು.

ಇನ್ನು ಟಿವಿ. ಕುಂಬಳೆಯಿಂದ ಬಂದ ಅತ್ತೆಗೆ ಸಂಜೆಯ ಕನ್ನಡ ಧಾರಾವಾಹಿ ಬೇಕು. ತಿರುವನಂತಪುರದ ಕೇಬಲ್‌ನವರ ಪ್ಯಾಕೇಜು ಮಲಯಾಳದ್ದು, ಅದು ಸಹಜವೇ. "ಕನ್ನಡಕ್ಕೆ ದೊಡ್ಡ ಸೌತ್ ಪ್ಯಾಕ್ ತಗೊಳ್ಳಿ ಸಾರೇ" ಎಂದರು ಕೇಬಲ್‌ನವರು. "ಬೇಡ ಚೇಟ್ಟಾ, ನಾಲ್ಕು ಚಾನೆಲ್ ಬಿಡಿಯಾಗಿ ಕೊಡಿ" ಎಂದೆ. 2019ರ ಫೆಬ್ರವರಿ 1ರಿಂದ ಬಿಡಿ ಚಾನೆಲ್ ಕೇಳುವುದು ನಮ್ಮ ಹಕ್ಕು. ಪ್ಯಾಕಿನಲ್ಲಿ ಸೇರಬೇಕಾದ ಚಾನೆಲ್ಲಿನ ಬಿಡಿ ಬೆಲೆ 19 ರೂಪಾಯಿ ಮೀರುವಂತಿಲ್ಲ. ಉದಯ, ಜೀ ಕನ್ನಡ, ಕಲರ್ಸ್, ಸುವರ್ಣ ನಾಲ್ಕಕ್ಕೂ ಗರಿಷ್ಠ ಬೆಲೆ ಹಿಡಿದರೂ 76, ತೆರಿಗೆ ಸೇರಿ 90 ರೂಪಾಯಿ ಒಳಗೆ. ಡಿಡಿ ಚಂದನಕ್ಕೆ ದುಡ್ಡಿಲ್ಲ. ನೆಟ್‌ವರ್ಕ್ ಶುಲ್ಕ 130, ತೆರಿಗೆ ಸೇರಿ 153. ಆ ಶುಲ್ಕಕ್ಕಿದ್ದ ಮಿತಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಜುಲೈಯಲ್ಲಿ ತೆಗೆದುಹಾಕಿತು, ಆದ್ದರಿಂದ ನಿಮ್ಮ ಕೇಬಲ್‌ನವರು ಎಷ್ಟು ಹಾಕುತ್ತಾರೆಂದು ಕೇಳಿಕೊಳ್ಳಬೇಕು. ನಮ್ಮ ಮನೆಯಲ್ಲಿ ಒಟ್ಟು 243. ಅತ್ತೆಗೆ ರಿಮೋಟಿನಲ್ಲಿ ನಾಲ್ಕು ನಂಬರ್ ನೆನಪಿದೆ, ಅಷ್ಟು ಸಾಕು.

ನನಗೆ ತಾಳ್ಮೆ ಉಳಿಯದಿರುವುದು ಇಂಟರ್‌ನೆಟ್, ಟಿವಿ, ಒಟಿಟಿ, ಫೋನ್ ಎಲ್ಲವನ್ನೂ ಒಂದೇ ಬಿಲ್ಲಿಗೆ ಕಟ್ಟುವ ಬಂಡಲ್‌ಗಳ ಬಗ್ಗೆ. ಐನೂರು ಚಾನೆಲ್, ಹದಿನೈದು ಒಟಿಟಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಆ ಒಟಿಟಿಗಳಲ್ಲಿ ಕೆಲವು ಮೊಬೈಲಿನಲ್ಲಿ ಮಾತ್ರ ನೋಡುವ ಆವೃತ್ತಿ, ಟಿವಿಗೆ ಬರುವುದೇ ಇಲ್ಲ. ಚಾನೆಲ್ ಪಟ್ಟಿಯಲ್ಲಿ ನಿಮಗೆ ಬೇಕಾದ ಕನ್ನಡ ವಾಹಿನಿ ಇರುತ್ತದೆಂಬ ಖಾತ್ರಿ ಇಲ್ಲ. ಯಾವ ಒಟಿಟಿ ಮುಂದಿನ ತಿಂಗಳು ಪಟ್ಟಿಯಿಂದ ಹೊರಬೀಳುತ್ತದೆ ಎಂಬುದೂ ನಿಮ್ಮ ಕೈಯಲ್ಲಿಲ್ಲ, ಬೆಲೆ ಮಾತ್ರ ಅದೇ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಮನೆ ಬದಲಿಸುವಾಗ ಒಂದು ಹೋದರೆ ಎಲ್ಲವೂ ಹೋಗುತ್ತದೆ. ನಮ್ಮ ಕಾಕ್ಕನಾಡಿನ ಲೈನ್ ಸತ್ತಾಗ ಅದರೊಂದಿಗೆ ಅತ್ತೆಯ ಧಾರಾವಾಹಿಯೂ ಮಗಳ ಸಿನಿಮಾ ಖಾತೆಯೂ ಒಂದೇ ದಿನ ನಿಂತವು. ಈ ಬಂಡಲ್‌ಗಳು ಗ್ರಾಹಕನಿಗೆ ಬೇಕಾದ್ದನ್ನು ಕೊಡುವುದಕ್ಕಿಂತ ಬಿಟ್ಟುಹೋಗದಂತೆ ಕಟ್ಟಿಹಾಕುವುದಕ್ಕೆ ಇರುವವು. ಬಾಡಿಗೆ ಮನೆಯವರು ಇಂಟರ್‌ನೆಟ್ ಒಂದು ಕಡೆ, ಟಿವಿ ಇನ್ನೊಂದು ಕಡೆ ಇಟ್ಟುಕೊಳ್ಳಲಿ.

ವೇಗದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 300 ಎಂಬಿಪಿಎಸ್ ಕೊಂಡು ಹಳೆಯ ಫೋನಿನಲ್ಲಿ ವಾಟ್ಸಾಪ್ ನೋಡುವ ಮನೆಗಳು ಎಷ್ಟೋ ಇವೆ. ನೆಟ್‌ಫ್ಲಿಕ್ಸ್ ಎಚ್‌ಡಿಗೆ ಕೇಳುವುದು 5 ಎಂಬಿಪಿಎಸ್, 4ಕೆಗೆ 15. ಇಬ್ಬರು ಸಿನಿಮಾ ನೋಡುತ್ತಾ ಒಬ್ಬರು ಆಫೀಸಿನ ವಿಡಿಯೋ ಕಾಲ್‌ನಲ್ಲಿದ್ದರೂ 50 ಎಂಬಿಪಿಎಸ್ ಮುಗಿಯುವುದಿಲ್ಲ. ಮಲಗುವ ಕೋಣೆಗೆ ಸಿಗ್ನಲ್ ಬರುವುದಿಲ್ಲ ಎಂದು ದೊಡ್ಡ ಪ್ಲ್ಯಾನಿಗೆ ಏರುವವರು ರೂಟರನ್ನು ಮುಂಬಾಗಿಲ ಹಿಂದಿನಿಂದ ಮನೆಯ ನಡುವಿಗೆ ತಂದಿಟ್ಟು ನೋಡಲಿ. ಉಳಿಸಿದ ಹಣದಲ್ಲಿ ರೂಟರಿಗೊಂದು ಸಣ್ಣ ಯುಪಿಎಸ್ ತರಲಿ. ಹಳೆಯ ತಾಮ್ರದ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು, ಕರೆಂಟ್ ಹೋದರೂ ಫೋನ್ ಮೊಳಗುತ್ತಿತ್ತು. ಫೈಬರಿನ ಫೋನ್ ಹಾಗಲ್ಲ, ರೂಟರ್ ಆರಿದರೆ ಅದೂ ಆರುತ್ತದೆ.

ಮೊಬೈಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದವು. ಮನೆಯಲ್ಲಿ ವೈಫೈ ಇರುವವರಿಗೆ ದಿನಕ್ಕೆ 2 ಜಿಬಿಯ ರೀಚಾರ್ಜ್ ಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. 28 ದಿನದ ಪ್ಲ್ಯಾನಿಗೆ ವರ್ಷದಲ್ಲಿ ಹದಿಮೂರು ಸಲ ಹಣ ಹಾಕಬೇಕು. ಕೀಪ್ಯಾಡ್ ಫೋನ್ ಬಳಸುವ ಹಿರಿಯರಿಗೆ, ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.

ಮನೆ ಬಿಡುವ ಮುಂಚಿನ ವಾರ ಮಾಡಬೇಕಾದ ಕೆಲಸ ಒಂದಿದೆ, ಲಾರಿ ಬರುವ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು. ರೂಟರ್, ಸೆಟ್‌ಟಾಪ್ ಬಾಕ್ಸ್ ಕಂಪನಿಯದ್ದಾಗಿದ್ದರೆ ಹಿಂದಿರುಗಿಸಿ, ಅದರ ಸೀರಿಯಲ್ ನಂಬರ್ ಬರೆದ ರಸೀತಿ ಪಡೆಯಿರಿ. ಹಿಂದಿರುಗಿಸಿಲ್ಲ ಎಂದು ಠೇವಣಿ ಹಿಡಿದುಕೊಳ್ಳುವುದು, ತಿಂಗಳುಗಳ ನಂತರ ವಸೂಲಿ ಕರೆ ಬರುವುದು ಇಲ್ಲಿಂದಲೇ ಶುರುವಾಗುತ್ತದೆ. ಆಟೋಪೇ ಇದ್ದರೆ ಬ್ಯಾಂಕಿನ ಕಡೆಯಿಂದಲೂ ರದ್ದು ಮಾಡಿ. ದೂರಿಗೆ ಕೊಟ್ಟ ನಂಬರ್ ಬರೆದಿಟ್ಟುಕೊಳ್ಳಿ; ದೂರು ಬಗೆಹರಿಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. 2009ರಲ್ಲಿ ಕೇರಳದಿಂದಲೇ ಹೋದ ದೂರವಾಣಿ ಬಿಲ್ಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ವಿವಾದಕ್ಕೆ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚಿತ್ತು. 2022ರ ಫೆಬ್ರವರಿ 16ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಆ ಬಾಗಿಲನ್ನು ತೆರೆಯಿತು. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ನೇರ ಹೋಗಬಹುದು, ನೀವು ವಾಸವಿರುವ ಜಿಲ್ಲೆಯಲ್ಲೇ. ಜೊತೆಗೆ ಒಯ್ಯಬೇಕಾದ್ದು ಆ ರಸೀತಿ.