ರೆಪೊ ಯಾರ ಹೆಸರಲ್ಲಿ?

ಪುಟ್ಟಿ, ನೀವು ನಾಲ್ಕು ಜನ ಸೇರಿ ಹೆಬ್ಬಾಳದಿಂದ ಯಲಹಂಕದವರೆಗಿನ ಬಸ್ ಸ್ಟಾಪುಗಳ ಹೆಸರನ್ನೆಲ್ಲ ಕನ್ನಡದಲ್ಲಿ ಒಟ್ಟುಮಾಡಿ, ಹುಡುಕೋದಕ್ಕೆ ಒಂದು ಆ್ಯಪ್ ಬರೆದು, ಎಲ್ಲವನ್ನೂ ಓಪನ್ ಸೋರ್ಸ್ ಮಾಡ್ತೀವಿ ಅಂದಾಗ ಖುಷಿಯಾಯಿತು. ಕೋಡ್ ಬರೆಯೋದನ್ನು ನಿನಗೆ ನಾನು ಹೇಳಿಕೊಡಬೇಕಿಲ್ಲ. ನೀವು ಬಳಸುವ ಫ್ರೇಮ್‌ವರ್ಕುಗಳಲ್ಲಿ ಅರ್ಧದಷ್ಟರ ಹೆಸರೂ ಈ ದೊಡ್ಡಪ್ಪನ ಬಾಯಿಗೆ ಹತ್ತೋದಿಲ್ಲ. ನಾನು ಹೇಳೋದು ರೆಪೊ ತೆರೆಯುವ ದಿನದ ತೀರ್ಮಾನಗಳ ಬಗ್ಗೆ. ಫೈನಲ್ ಸೆಮ್ ಮುಗಿದರೆ ನಿಮ್ಮಲ್ಲಿ ಒಬ್ಬ ಪುಣೆಗೆ, ಒಬ್ಬಳು ಮಾನ್ಯತಾ ಟೆಕ್ ಪಾರ್ಕಿಗೆ, ಇನ್ನೊಬ್ಬ ಎಂಎಸ್ ಅಂತ ಜರ್ಮನಿಗೆ ಹೊರಡುತ್ತೀರಿ. ನೀವು ಯಾರೂ ಇಲ್ಲದ ಆ ದಿನಕ್ಕೂ ಕೆಲಸಕ್ಕೆ ಬರುವ ಹಾಗೆ ಈಗಲೇ ಅದನ್ನು ಕಟ್ಟಿ.

ರೆಪೊ ಯಾರ ಹೆಸರಲ್ಲಿ ಇರಬೇಕು ಅನ್ನೋದು ಮೊದಲ ಪ್ರಶ್ನೆ. ಒಬ್ಬರ ಸ್ವಂತ ಖಾತೆಯಲ್ಲಿ ಬೇಡ. ಗಿಟ್‌ಹಬ್‌ನಲ್ಲಿ ಆರ್ಗನೈಸೇಶನ್ ಖಾತೆ ಪುಕ್ಕಟೆ ಸಿಗುತ್ತದೆ. ಪ್ರಾಜೆಕ್ಟಿನ ಹೆಸರಲ್ಲೇ ಒಂದು ತೆರೆದು ಕನಿಷ್ಠ ಇಬ್ಬರನ್ನು ಓನರ್ ಮಾಡಿ. ಕಾಲೇಜಿನ ಇಮೇಲ್ ಐಡಿಯನ್ನು ಇದಕ್ಕೆ ಕೊಡಲೇಬೇಡಿ. ನೀವು ಪಾಸಾಗಿ ಹೋದಮೇಲೆ ಆ ಐಡಿ ಮುಚ್ಚಿದರೆ, ಪಾಸ್‌ವರ್ಡ್ ಮರೆತ ದಿನ ಬರುವ ಮೇಲ್ ಓದೋಕೆ ಯಾರೂ ಇರೋದಿಲ್ಲ.

ಆಮೇಲೆ ಲೈಸೆನ್ಸ್. ಎಲ್ಲರಿಗೂ ಕಾಣುವ ಹಾಗೆ ಹಾಕಿಬಿಟ್ಟರೆ ಓಪನ್ ಸೋರ್ಸ್ ಆಯಿತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಗಳ ಸಾಲಿಗೇ ಸೇರಿಸಿದೆ. ಬರೆದವರ ಜೀವಮಾನ, ಅದರ ಮೇಲೆ 60 ವರ್ಷ ಹಕ್ಕು ಅವರದೇ. ಅಂದರೆ ಲೈಸೆನ್ಸ್ ಫೈಲ್ ಇಲ್ಲದ ನಿಮ್ಮ ಕೋಡನ್ನು ಆರ್‌.ಟಿ. ನಗರದ ಯಾವುದೋ ಹುಡುಗ ತೆಗೆದು ಬಳಸಿದರೆ ಅವನೇ ತಪ್ಪಿತಸ್ಥ! ಎಂಐಟಿ ಲೈಸೆನ್ಸ್ ಕೊಟ್ಟರೆ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು, ನಿಮ್ಮ ಹೆಸರನ್ನೂ ಲೈಸೆನ್ಸಿನ ಒಕ್ಕಣೆಯನ್ನೂ ಉಳಿಸಿದರೆ ಸಾಕು. ಜಿಪಿಎಲ್ ಆದರೆ, ಬದಲಿಸಿ ಹಂಚುವವರು ಬದಲಿಸಿದ್ದನ್ನೂ ಅದೇ ಷರತ್ತಿನ ಮೇಲೆ ತೆರೆದಿಡಬೇಕು. ನನ್ನ ಒಲವು ಜಿಪಿಎಲ್ ಕಡೆಗೆ. ನಿನ್ನ ಗೆಳೆಯರು ಒಪ್ಪಲಿಕ್ಕಿಲ್ಲ. ಜಗಳವಾಡುವುದಿದ್ದರೆ ನಾಲ್ಕೂ ಜನ ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿಯುವ ಈ ದಿನಗಳಲ್ಲೇ ಆಡಿ ಮುಗಿಸಿ. ಪ್ರತಿಯೊಬ್ಬರು ಬರೆದ ಭಾಗದ ಹಕ್ಕು ಅವರವರದು. ಮುಂದೆ ಲೈಸೆನ್ಸ್ ಬದಲಿಸಬೇಕಾದರೆ ಎಲ್ಲರನ್ನೂ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಆ್ಯಪಿಗೆ ಒಂದು ಲೈಸೆನ್ಸ್ ಆದರೆ ನಿಲ್ದಾಣಗಳ ಪಟ್ಟಿಗೆ ಬೇರೆಯದೇ ಬೇಕು. ಇದಕ್ಕೆ ಕನ್ನಡದಲ್ಲೇ ಒಳ್ಳೆಯ ಮಾದರಿ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಬೆಂಗಳೂರಿನ ಕೈಲಾಶ್ ನಾಧ್ ಅವರ ನೆರವಿನಿಂದ ಇಂಟರ್ನೆಟ್ಟಿಗೆ ಬಂತು. 1,50,000ಕ್ಕೂ ಹೆಚ್ಚು ಪದ, 2,40,000ಕ್ಕೂ ಹೆಚ್ಚು ಅರ್ಥ, ಎಲ್ಲವೂ ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗಿದೆ. ಅದಕ್ಕೆ ಕೊಟ್ಟಿರುವುದು ಡೇಟಾಬೇಸ್‌ಗಳಿಗೆಂದೇ ಇರುವ ಒಡಿಬಿಎಲ್ ಲೈಸೆನ್ಸ್. ಓಪನ್‌ಸ್ಟ್ರೀಟ್‌ಮ್ಯಾಪ್‌ನದೂ ಅದೇ. ನೀವು ಅಲ್ಲಿಂದ ಹೆಸರು ತೆಗೆದಿದ್ದರೆ ನಿಮ್ಮ ಪಟ್ಟಿಗೂ ಅದನ್ನೇ ಹಾಕಿ, ಮೂಲವನ್ನು ಹೆಸರಿಸಿ. ಗೂಗಲ್ ಮ್ಯಾಪಿನಿಂದ ನಕಲು ಮಾಡಿದ ಸಾಲುಗಳಿದ್ದರೆ ಈಗಲೇ ಕಿತ್ತುಹಾಕಿ, ಸ್ಟಾಪಿನ ಬೋರ್ಡ್ ನೋಡಿ ಬರೆದುಕೊಂಡು ಬನ್ನಿ.

ಕನ್ನಡದ ಡೇಟಾ ಅಂದಮೇಲೆ ಇಂಗ್ಲಿಷಿನವರಿಗೆ ಇಲ್ಲದ ಒಂದೆರಡು ಕಾಟ ಇರುತ್ತವೆ. ‘ಕೊಡಿಗೇಹಳ್ಳಿ’ಯನ್ನೇ ತಗೋ. ಮೊದಲಿನ ‘ಕೊ’ದಲ್ಲಿ ಒತ್ವದ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಿದೆ; ಅದನ್ನೇ ಎತ್ವದ ಚಿಹ್ನೆಯ ಮುಂದೆ ದೀರ್ಘ ಊಕಾರದ ಚಿಹ್ನೆ ಇಟ್ಟು ಎರಡು ಸಂಕೇತಗಳಲ್ಲಿಯೂ ಬರೆಯಬಹುದು. ‘ಗೇ’ಯದೂ ಇದೇ ಕತೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಬ್ಬ ಒಂದು ಬಗೆಯಲ್ಲಿ, ಇನ್ನೊಬ್ಬಳು ಮತ್ತೊಂದು ಬಗೆಯಲ್ಲಿ ತುಂಬಿಸಿದರೆ ಹುಡುಕಿದಾಗ ಅರ್ಧ ಸ್ಟಾಪುಗಳು ಸಿಗುವುದಿಲ್ಲ. ಗಿಟ್ ಡಿಫ್‌ನಲ್ಲಿ ಕೆಂಪು ಸಾಲೂ ಹಸಿರು ಸಾಲೂ ಅಚ್ಚಿಗೆ ಅಚ್ಚು ಒಂದೇ ಕಾಣುತ್ತವೆ, ಬದಲಾಗಿದ್ದೇನು ಅಂತ ತಲೆ ಕೆಡುತ್ತದೆ. ಎಲ್ಲವನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರುವ ಸ್ಕ್ರಿಪ್ಟನ್ನು ಮೊದಲ ದಿನವೇ ರೆಪೊದಲ್ಲಿ ಇಡಿ. ಪೈಥಾನ್‌ನಲ್ಲಿ ಅದು ನಾಲ್ಕು ಸಾಲಿನ ಕೆಲಸ. ಪ್ರತಿ ಪುಲ್ ರಿಕ್ವೆಸ್ಟಿಗೂ ಅದು ತಾನಾಗಿ ಓಡಲಿ. ಆ ಉತ್ಸಾಹದಲ್ಲಿ ಕಣ್ಣಿಗೆ ಕಾಣದ ಸಂಕೇತಗಳನ್ನೆಲ್ಲ ಗುಡಿಸಿ ಹಾಕಲು ಹೋಗಬೇಡಿ. ‘ರ‍್ಯಾಂಕ್’ ಎಂಬಲ್ಲಿ ‘ರ’ವನ್ನು ಅರ್ಕಾವತ್ತಾಗದಂತೆ ಹಿಡಿದಿರುವುದು ಅಂಥದ್ದೇ ಒಂದು ಸಂಕೇತ.

ಫೈಲುಗಳಿಗೆ ಕನ್ನಡದಲ್ಲಿ ಹೆಸರಿಟ್ಟರೆ ಗಿಟ್ ಸ್ಟೇಟಸ್ ‘ಕ’ ಅಕ್ಷರವನ್ನು \340\262\225 ಅಂತ ತೋರಿಸುತ್ತದೆ. ಗಾಬರಿ ಬೇಡ, ಕೋಟ್‌ಪಾತ್ ಅನ್ನೋ ಸೆಟ್ಟಿಂಗ್ ಆಫ್ ಮಾಡಿದರೆ ಸರಿಹೋಗುತ್ತದೆ.

ಮ್ಯಾಪಿನ ಎಪಿಐ ಕೀ ರೆಪೊ ಒಳಗೆ ಹೋಗಬಾರದು. ಗಿಟ್‌ಇಗ್ನೋರ್ ಫೈಲ್ ಬರೆದ ಮೇಲೆಯೇ ಮೊದಲ ಕಮಿಟ್. ಅಕಸ್ಮಾತ್ ಹೋಯಿತು ಅಂತಿಟ್ಟುಕೋ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಏನೂ ಪ್ರಯೋಜನವಿಲ್ಲ. ಇತಿಹಾಸ ತೆಗೆದು ನೋಡುವವರಿಗೆ ಅದು ಅಲ್ಲೇ ಇರುತ್ತದೆ. ಮೊದಲು ಕೀ ರದ್ದು ಮಾಡಿಸು, ಇತಿಹಾಸ ತೊಳೆಯೋದೆಲ್ಲ ಆಮೇಲೆ.

ರೀಡ್‌ಮಿ ಕನ್ನಡದಲ್ಲೂ ಇರಲಿ, ಇಂಗ್ಲಿಷಿನಲ್ಲೂ ಇರಲಿ. ಅದು ಸರಿಯಾಗಿದೆಯೇ ಅಂತ ತಿಳಿಯಲು ಸೆಕೆಂಡ್ ಇಯರ್ ಜೂನಿಯರ್ ಒಬ್ಬಳ ಹಳೇ ಲ್ಯಾಪ್‌ಟಾಪ್ ಮುಂದೆ ಅದನ್ನು ತೆರೆದಿಟ್ಟು, ನೀನು ತುಟಿ ಬಿಚ್ಚದೆ ಪಕ್ಕದಲ್ಲಿ ಕೂತಿರು. ಅವಳು ಎಲ್ಲಿ ನಿನ್ನ ಮುಖ ನೋಡುತ್ತಾಳೋ ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ಅರ್ಥ.

ಆ ಜೂನಿಯರ್ರೇ ನಾಳೆ ಇದನ್ನು ನಡೆಸುವವಳು. ಲಿನಸ್ ಟೊರ್ವಾಲ್ಡ್ಸ್ ಗಿಟ್ ಶುರುಮಾಡಿದ್ದು 2005ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜುಲೈನಲ್ಲಿ ಜೂನಿಯೊ ಹಮಾನೊ ಕೈಗೆ ಕೊಟ್ಟುಬಿಟ್ಟರು. ಯೋಗ್ಯರು ಸಿಕ್ಕಾಗ ಕೊಡುವುದಕ್ಕೆ ಹಿಂದೆಮುಂದೆ ನೋಡಬಾರದು. ಹಾಗಂತ ಮುಖಪರಿಚಯವೂ ಇಲ್ಲದವರು ಒತ್ತಾಯ ಮಾಡಿದರು ಅಂತ ಕೊಡಲೂಬಾರದು. ಎಕ್ಸ್‌ಝಡ್ ಎಂಬ ಪ್ರಾಜೆಕ್ಟಿನಲ್ಲಿ ದಣಿದಿದ್ದ ಒಬ್ಬ ಮೇಂಟೇನರ್‌ನ ವಿಶ್ವಾಸವನ್ನು ‘ಜಿಯಾ ಟಾನ್’ ಎಂಬ ಹೆಸರಿನವರು ಎರಡು ವರ್ಷ ಕೆಲಸ ಮಾಡಿ ಗಳಿಸಿ, ಕಡೆಗೆ ಹಿಂಬಾಗಿಲು ಕೊರೆದಿಟ್ಟರು. 2024ರ ಮಾರ್ಚ್‌ನಲ್ಲಿ ಅದು ಸಿಕ್ಕಿಬಿದ್ದಿದ್ದು ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕಿದ್ದರಿಂದ. ಆದ್ದರಿಂದ ಮೇನ್ ಬ್ರಾಂಚಿಗೆ ನೇರ ಪುಶ್ ಯಾರಿಗೂ ಬೇಡ, ನಿನಗೂ ಬೇಡ. ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ಮರ್ಜ್.

ಕೆಲಸಕ್ಕೆ ಸೇರುವವಳು ನೀನು, ಅದಕ್ಕೆ ಈ ಕೊನೆಯ ಮಾತು. ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆತನ ಕಂಪನಿಯದು ಅನ್ನುತ್ತದೆ ಅದೇ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್. ಎಷ್ಟೋ ಕಡೆ ಆಫರ್ ಲೆಟರಿನಲ್ಲಿ ಇನ್ನೂ ಮುಂದೆ ಹೋಗಿ, ಬಿಡುವಿನಲ್ಲಿ ಬರೆದದ್ದನ್ನೂ ಸೇರಿಸಿರುತ್ತಾರೆ. ಸಹಿ ಹಾಕುವ ಮೊದಲು ಆ ಪುಟ ಓದು. ಸೇರುವಾಗ ಹಳೆಯ ಪ್ರಾಜೆಕ್ಟುಗಳ ಪಟ್ಟಿ ಕೇಳಿದರೆ ಈ ರೆಪೊ ಹೆಸರು ಬರೆದುಕೊಡು. ಕಂಪನಿ ಲ್ಯಾಪ್‌ಟಾಪಿನಿಂದ ಇದಕ್ಕೆ ಒಂದು ಕಾಮಾವನ್ನೂ ಪುಶ್ ಮಾಡಬೇಡ. ಮುಂದುವರಿಸೋಕೆ ಅನುಮತಿ ಕೊಟ್ಟರೆ ಇಮೇಲ್‌ನಲ್ಲಿ ತಗೋ; ಬಾಯಿಮಾತಲ್ಲಿ ಹೂಂ ಅಂದ ಮ್ಯಾನೇಜರ್ ಮುಂದಿನ ವರ್ಷ ಅದೇ ಸೀಟಿನಲ್ಲಿ ಇರುತ್ತಾನೆ ಅಂತ ಏನಿಲ್ಲ.