ಸಸಿಯ ಬುಡದಲ್ಲಿ ಬರುವ ಬಸವನಹುಳು

ನರ್ಸರಿಗೆ ಹೋದರೆ ಸಸಿಯ ಎಲೆ, ಚಿಗುರು, ಹೂವನ್ನೆಲ್ಲ ತಿರುಗಿಸಿ ತಿರುಗಿಸಿ ನೋಡುತ್ತೇವೆ. ಚೀಲದ ತಳ ನೋಡುವವರು ಕಡಿಮೆ. ಹೊಸದಾಗಿ ತೋಟಕ್ಕೆ ಕೈಹಾಕಿದವರಿಗೆ, ಹಿತ್ತಲಲ್ಲಿ ನಾಲ್ಕು ಕುಂಡ ಇಡುವವರಿಗೂ, ನಾನು ಮೊದಲು ಹೇಳಿಕೊಡುವುದು ಆ ತಳ ನೋಡುವುದನ್ನೇ. ನೀರು ಬಸಿಯಲೆಂದು ಹೊಡೆದ ತೂತುಗಳ ಹತ್ತಿರ, ತೇವದ ಮಣ್ಣಿನೊಳಗೆ, ಬಿಳಿಜೋಳದ ಕಾಳಿನಷ್ಟು ದಪ್ಪದ, ಕೆನೆ ಬಣ್ಣದ ದುಂಡು ಮಣಿಗಳು ಗುಂಪಾಗಿ ಸಿಕ್ಕಿದರೆ ರಸಗೊಬ್ಬರದ ಹರಳೆಂದು ಬಿಟ್ಟುಬಿಡಬೇಡಿ. ಆಫ್ರಿಕನ್ ದೈತ್ಯ ಬಸವನಹುಳುವಿನ ಮೊಟ್ಟೆ ಹೀಗೆಯೇ ಇರುತ್ತದೆ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂದು ತಿಳಿಯಬೇಕಾಗಿಲ್ಲ. ಮೆಣಸಿನಕಾಯಿ, ಟೊಮೆಟೊ, ಕಾಫಿ ಎಲ್ಲವೂ ಬೇರೆ ಖಂಡಗಳಿಂದ ಬಂದವೇ. ಆದರೆ ಕೆಲವು ಜೀವಿಗಳು ಹೊಸ ಜಾಗಕ್ಕೆ ಬಂದಾಗ ಅವುಗಳನ್ನು ತಿನ್ನುವ ಪ್ರಾಣಿ, ಅವುಗಳಿಗೆ ತಗಲುವ ರೋಗ ತವರಿನಲ್ಲೇ ಉಳಿದುಬಿಡುತ್ತವೆ. ತಡೆಯುವವರಿಲ್ಲದೆ ಅವು ತಾವಾಗಿಯೇ ಹಬ್ಬಿ, ಇಲ್ಲಿನ ಗಿಡ-ಪ್ರಾಣಿಗಳ ಜಾಗ ಕಸಿದುಕೊಳ್ಳುತ್ತವೆ. ಇಂಥವನ್ನು ಆಕ್ರಮಣಕಾರಿ ಪ್ರಭೇದ ಎನ್ನುತ್ತೇವೆ. ಬಂಡೀಪುರದ ಕಾಡಿನಲ್ಲಿ ಹಬ್ಬಿದ ಲಂಟಾನ, ರಸ್ತೆಬದಿಯ ಪಾರ್ಥೇನಿಯಂ ನಿಮಗೆ ಗೊತ್ತೇ ಇವೆ. ಇವು ಒಂದೂರಿಂದ ಇನ್ನೊಂದೂರಿಗೆ ಹೋಗದಂತೆ ದಿನನಿತ್ಯ ನೋಡಿಕೊಳ್ಳುವ ಎಚ್ಚರಕ್ಕೆ ಜೈವಿಕ ಭದ್ರತೆ ಎಂಬ ದೊಡ್ಡ ಹೆಸರಿದೆ. ಕೆಲಸ ಮಾತ್ರ ಮನೆಗೆಲಸದಷ್ಟೇ ಸರಳ.

ಈ ಬಸವನಹುಳು ಪೂರ್ವ ಆಫ್ರಿಕಾದ್ದು. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಚಿಪ್ಪುಜೀವಿ ತಜ್ಞರು ಮಾರಿಷಸ್‌ನಿಂದ ಇದನ್ನು ಕಲ್ಕತ್ತೆಗೆ ತಂದು ತೋಟವೊಂದರಲ್ಲಿ ಬಿಟ್ಟರು. ಅಲ್ಲಿಂದ ಹೊರಟದ್ದು ಇಂದು ಕೊಡಗು, ಹಾಸನದ ಕಾಫಿ ತೋಟಗಳವರೆಗೆ ಬಂದಿದೆ. ಕಾಫಿಯ ಎಳೆ ಗಿಡ, ಬಾಳೆ, ಪಪ್ಪಾಯ, ತರಕಾರಿ, ಹೂಗಿಡ ಎಲ್ಲವನ್ನೂ ತಿನ್ನುತ್ತದೆ. ಹಗಲಿಡೀ ತರಗೆಲೆ, ಕಲ್ಲು, ಬಾಳೆ ಬುಡದ ಸಂದಿಯಲ್ಲಿ ಅಡಗಿರುತ್ತದೆ. ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ಗಟ್ಟಿ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಣ್ಣಿನಲ್ಲಿ ಮಲಗುವುದರಿಂದ ಸತ್ತೇ ಹೋಯಿತೆಂದು ನಾವು ಮೋಸಹೋಗುತ್ತೇವೆ. ಮೊದಲ ಮಳೆ ಬಿದ್ದ ರಾತ್ರಿ ಎದ್ದು ಬರುತ್ತದೆ.

ಒಂದೇ ಹುಳು ಏಕೆ ಅಪಾಯ ಎಂಬುದನ್ನು ಇಲ್ಲಿ ನಿಂತು ಅರ್ಥಮಾಡಿಕೊಳ್ಳಬೇಕು. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಮ್ಮೆ ಕೂಡಿದರೆ ವೀರ್ಯವನ್ನು ಒಳಗೇ ತಿಂಗಳುಗಟ್ಟಲೆ ಕಾಪಿಟ್ಟುಕೊಂಡು ಮತ್ತೆ ಮತ್ತೆ ಮೊಟ್ಟೆಯಿಡಬಲ್ಲದು. ಒಂದು ಸಲಕ್ಕೆ ನೂರು, ಇನ್ನೂರು. 1966ರಲ್ಲಿ ಹವಾಯಿಯಿಂದ ಅಮೆರಿಕದ ಮಯಾಮಿಗೆ ಹುಡುಗನೊಬ್ಬ ಮೂರು ಹುಳು ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ ಅಲ್ಲಿ 18,000ಕ್ಕೂ ಹೆಚ್ಚು ಹುಳುಗಳು ಸಿಕ್ಕಿದವು. ಅವನ್ನು ನಿರ್ಮೂಲ ಮಾಡಲು ಹತ್ತು ಲಕ್ಷ ಡಾಲರ್ ಖರ್ಚಾಯಿತು. 1975ರ ಹೊತ್ತಿಗೆ ಮುಗಿಯಿತು ಎಂದುಕೊಂಡರೂ 2011ರಲ್ಲಿ ಅದೇ ಮಯಾಮಿ ಭಾಗದಲ್ಲಿ ಮತ್ತೆ ಕಾಣಿಸಿಕೊಂಡಿತು. ಅಜ್ಜಿ ಮಾಡಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಮ್ಮಲ್ಲೂ ಬಹುಪಾಲು ಹರಡುವಿಕೆ ಹೀಗೆ ಏನೂ ತಿಳಿಯದೆಯೇ ಆಗುವುದು.

ಬಸವನಹುಳು ತಾನಾಗಿ ಒಂದು ರಾತ್ರಿಗೆ ಹೋಗುವುದು ಕೆಲವೇ ಮೀಟರ್. ಊರು ದಾಟಬೇಕಾದರೆ ಅದಕ್ಕೆ ನಮ್ಮ ಪಿಕಪ್ ಬೇಕು, ನಮ್ಮ ಬಾಳೆ ಕಂದು ಬೇಕು, ನಾವು ಕೊಂಡ ಒಂದು ಲೋಡ್ ಮಣ್ಣೋ ಕೊಟ್ಟಿಗೆ ಗೊಬ್ಬರವೋ ಬೇಕು. ಆದ್ದರಿಂದ ಹೊಸ ಸಸಿ ತಂದ ದಿನವೇ ನೆಡಬೇಡಿ. ಮಿಕ್ಕ ಗಿಡಗಳಿಂದ ದೂರ, ಸಿಮೆಂಟ್ ನೆಲದ ಮೇಲೋ ಟಾರ್ಪಾಲಿನ ಮೇಲೋ ಮೂರು ವಾರ ಇಡಿ. ಮೊಟ್ಟೆ ಸಾಮಾನ್ಯವಾಗಿ ಎರಡು ವಾರದೊಳಗೆ ಒಡೆಯುವುದರಿಂದ, ಒಳಗೇನಾದರೂ ಇದ್ದರೆ ಅಷ್ಟರಲ್ಲಿ ಹೊರಬರುತ್ತದೆ. ಸಂಜೆ ನೀರು ಹಾಕಿ, ರಾತ್ರಿ ಟಾರ್ಚ್ ಹಿಡಿದು ಒಮ್ಮೆ ನೋಡಿ. ಎಲೆಯ ಅಂಚು ಕೆರೆದಂತಾಗಿದೆಯೇ, ನೆಲದ ಮೇಲೆ ಲೋಳೆಯ ಹೊಳೆಯುವ ಗೆರೆ ಎಳೆದಿದೆಯೇ? ಮರಿಹುಳು ಉಗುರಿಗಿಂತ ಸಣ್ಣದಿರುತ್ತದೆ, ಅವಸರಪಟ್ಟರೆ ಕಾಣದು. ನರ್ಸರಿಯವರನ್ನು, ಗೊಬ್ಬರ ಮಾರುವವರನ್ನು ‘ನಿಮ್ಮ ಕಡೆ ಹುಳದ ಕಾಟ ಇದೆಯೇ’ ಎಂದು ಕೇಳಲು ಸಂಕೋಚಪಡಬೇಡಿ. ಕೇಳುವವರು ಹೆಚ್ಚಾದಷ್ಟೂ ಅವರೂ ಎಚ್ಚರವಾಗುತ್ತಾರೆ.

ಬಾಡಿಗೆಗೆ ಬಂದ ಟಿಲ್ಲರ್, ಜೆಸಿಬಿ ನಿಮ್ಮ ಜಮೀನಿಗೆ ಇಳಿಯುವ ಮೊದಲು ಅಂಟಿದ ಮಣ್ಣನ್ನು ಕೆರೆದು ತೊಳೆಸಿ. ಪಾರ್ಥೇನಿಯಂ ಬೀಜ ಹೋಗುವುದೂ ಇದೇ ಮಣ್ಣಿನಲ್ಲಿ, ಮರಳಿನ ಲೋಡಿನಲ್ಲಿ. ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತರೆ ಆ ಲೆಕ್ಕವೇ ಹುಟ್ಟುವುದಿಲ್ಲ. ಅಕ್ವೇರಿಯಂ ಬೇಸರವಾದರೆ ಮೀನನ್ನೂ ನೀರುಗಿಡವನ್ನೂ ಕೆರೆಗೆ ಬಿಡಬೇಡಿ, ಅಂಗಡಿಗೋ ಸಾಕುವವರಿಗೋ ಕೊಡಿ. ಪುಣ್ಯವೆಂದು ಬಿಟ್ಟ ಸಕ್ಕರ್ ಮೀನು ಕೆರೆಯ ಮೀನುಗಾರರ ಬಲೆಗೆ ಕಂಟಕವಾಗುತ್ತದೆ.

ಎಲ್ಲವೂ ನಮ್ಮ ಕೈಯಲ್ಲಿಲ್ಲ, ನಿಜ. 2018ರಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ದೇಶದಲ್ಲೇ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳುವಿನ ಪತಂಗ ಹಾರಿ ಬರುವಂಥದ್ದು; ಶೂ ತೊಳೆದರೆ ಅದು ನಿಲ್ಲದು. ಆದರೆ ಮಣ್ಣಿನಲ್ಲಿ ಬರುವುದನ್ನು ನಿಲ್ಲಿಸಬಹುದು. ನ್ಯೂಜಿಲೆಂಡ್‌ನಲ್ಲಿ ಮಕ್ಕಳಿರುವವರಿಗೆ ಇದು ಗೊತ್ತಿರುತ್ತದೆ. ಬ್ಯಾಗಿನಲ್ಲಿ ಹಣ್ಣೋ ಬೀಜವೋ ಇದ್ದು ಹೇಳದೆ ಹೋದರೆ ವಿಮಾನ ನಿಲ್ದಾಣದಲ್ಲೇ 400 ಡಾಲರ್ ದಂಡ. ಅಲ್ಲಿನ ಕೌರಿ ಮರದ ಕಾಡುಗಳಿಗೆ ಹೋಗುವ ಕಾಲುದಾರಿಯ ಬಾಯಲ್ಲೇ ಶೂ ತಿಕ್ಕುವ ಬ್ರಷ್ಷು, ಸೋಂಕುನಾಶಕ ಇಟ್ಟಿರುತ್ತಾರೆ. ಮಣ್ಣಿನಲ್ಲಿ ಹರಡುವ ರೋಗವೊಂದು ಆ ಮರಗಳನ್ನು ಕೊಲ್ಲುತ್ತಿದೆ.

ಬಸವನಹುಳು ಆಗಲೇ ತೋಟಕ್ಕೆ ಬಂದುಬಿಟ್ಟಿದ್ದರೆ? ಬರಿಗೈಯಲ್ಲಿ ಮುಟ್ಟಬೇಡಿ. ಮೆದುಳಿನ ಪೊರೆಗೆ ಉರಿಯೂತ ತರುವ, ಇಲಿಯಿಂದ ಹರಡುವ ಒಂದು ಪರೋಪಜೀವಿ ಅದರ ಮೈಯಲ್ಲಿರಬಹುದು. ತೋಟದ ಸೊಪ್ಪನ್ನೂ ಚೆನ್ನಾಗಿ ತೊಳೆದೇ ತಿನ್ನಿ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯ ಎಲೆಯೋ ಎಲೆಕೋಸಿನ ಹೊರ ಎಲೆಯೋ ಹಾಕಿಡಿ. ಬೆಳಗ್ಗೆ ಅಲ್ಲಿ ಸೇರಿದವನ್ನು ಕೈಗವಸು ಹಾಕಿ ಆರಿಸಿ, ಬಕೆಟ್ಟಿನ ಗಟ್ಟಿ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಉಪ್ಪನ್ನು ನೇರ ಮಣ್ಣಿಗೆ ಎರಚಿದರೆ ಗಿಡವೂ ಹೋಗುತ್ತದೆ. ಪಕ್ಕದ ತೋಟದವರನ್ನೂ ಕರೆದುಕೊಂಡು ಒಟ್ಟಿಗೇ ಆರಿಸಬೇಕು, ಇಲ್ಲವಾದರೆ ಬೇಲಿ ದಾಟಿ ಮತ್ತೆ ಬರುತ್ತವೆ. ಆದರೆ ಕಂಡ ಬಸವನಹುಳುವನ್ನೆಲ್ಲ ಕೊಲ್ಲಲು ಹೋಗಬೇಡಿ. ಪಶ್ಚಿಮಘಟ್ಟದಲ್ಲಿ ನಮ್ಮವೇ ಆದ ಎಷ್ಟೋ ಬಸವನಹುಳುಗಳಿವೆ. ಇಂಡ್ರೆಲ್ಲಾ ಎಂಬ ಕೆಂಪು ಮೈಯ ಚೆಲುವೆ ಬೇರೆಲ್ಲೂ ಸಿಗುವುದಿಲ್ಲ. ದೈತ್ಯ ಹುಳುವಿನ ಚಿಪ್ಪು ಉದ್ದನೆಯ ಶಂಕುವಿನಾಕಾರ, ಕಂದು ಬಣ್ಣ, ಮೇಲಿಂದ ಕೆಳಗೆ ಪಟ್ಟೆಗಳು. ಬೆಳೆದದ್ದು ಅಂಗೈಯಷ್ಟು ಉದ್ದ. ಅನುಮಾನವಿದ್ದರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆದು, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ತೋರಿಸಿ.